ರಬ್ಬರ್ ಅಂಟಿಸೋಕೆ ಎಲ್ಲದಕ್ಕೂ ಒಂದೇ ಗಮ್ ಸಾಕಾ?

ಕೈಕೆಲಸ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮೂರು ರಬ್ಬರ್ ಸಾಮಾನು ರಿಪೇರಿಗೆ ಕಾಯುತ್ತಿವೆ. ಒಂದು, ದಿನಾ ಹಾಕುವ ಶೂ. ಮುಂಭಾಗದಲ್ಲಿ ಸೋಲ್ ಬಾಯಿ ಬಿಟ್ಟಿದೆ. ಎರಡು, ವಾಷಿಂಗ್ ಮೆಷಿನ್ ಬಾಗಿಲಿನ ಸುತ್ತ ಬರುವ ಬೂದು ಬಣ್ಣದ ದಪ್ಪ ರಬ್ಬರ್. ಕೆಳಗಿನ ಮಡಿಕೆಯಲ್ಲಿ ಒಂದು ಗೆಣ್ಣಿನಷ್ಟು ಉದ್ದ ಸೀಳಿದೆ, ನೀರು ಸೋರುತ್ತದೆ. ಮೂರು, ವಾಚಿನ ಮೆತ್ತನೆಯ ಪಟ್ಟಿ. ಬಕಲ್ ಹತ್ತಿರ ಹರಿದಿದೆ. ಸೂಪರ್ ಗ್ಲೂ ಹಾಕಿದರೆ ಪಟ್ಟಿಗೆ ಅದು ಹಿಡಿಯುವುದೇ ಇಲ್ಲ. ಒಣಗಿದ ಮೇಲೆ ಉಗುರಿನಲ್ಲಿ ಕೆರೆದರೆ ಪೂರ್ತಿ ಎದ್ದು ಬರುತ್ತದೆ.

ಮೂರಕ್ಕೂ ಆಗುವಂಥ ಒಂದು ಒಳ್ಳೆಯ ಗಮ್ ಇದೆಯಾ? ಇಲ್ಲಾ ಬೇರೆ ಬೇರೆ ತರಬೇಕಾ?

ಅವಸರದವ:
ಶೂ ಅಂಗಡಿಯವರು ಬಳಸುವ ಹಳದಿ ಕಾಂಟ್ಯಾಕ್ಟ್ ಗಮ್ ತಗೊಳ್ಳಿ. ರಬ್ಬರಿಗೆ ರಬ್ಬರ್ ಗಮ್. ಎಲ್ಲದಕ್ಕೂ ಆಗುತ್ತೆ.

ಹಳೆ ಫಿಟ್ಟರ್:
ಎಲ್ಲದಕ್ಕೂ ಆಗಲ್ಲ. ದಯವಿಟ್ಟು ಡಬ್ಬಿ ಕೊಳ್ಳುವ ಮೊದಲು ಇದನ್ನು ಓದಿ.

ರಬ್ಬರ್ ಅಂತ ಕರೆಯುವ ಸಾಮಾನು ಒಂದೇ ಅಲ್ಲ. ಸೈಕಲ್ ಟ್ಯೂಬು ಹೆಚ್ಚಾಗಿ ಬ್ಯೂಟೈಲ್. ಪೆಟ್ರೋಲ್, ಆಯಿಲ್ ಮುಟ್ಟುವ ಕಡೆ ಇರುವ ಓ-ರಿಂಗು, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ, ಹೆಚ್ಚಾಗಿ ನೈಟ್ರೈಲ್. ಕಾರಿನ ಬಾಗಿಲಿನ ಸುತ್ತ ಬರುವ ಬೀಡಿಂಗ್, ವಾಷಿಂಗ್ ಮೆಷಿನ್ ಬಾಗಿಲಿನ ರಬ್ಬರ್ ಹೆಚ್ಚಾಗಿ ಇಪಿಡಿಎಂ. ವಾಚಿನ ಮೆತ್ತನೆ ಪಟ್ಟಿ ಬಹಳ ಸಲ ಸಿಲಿಕೋನ್. ಶೂ ಸೋಲಿನಲ್ಲಂತೂ ಒಂದರ ಕೆಳಗೊಂದು ಎರಡು ಮೂರು ಬಗೆ ಇರುತ್ತವೆ. ನೋಡೋಕೆ ಎಲ್ಲಾ ಒಂದೇ ಥರ, ಆದರೆ ಒಂದಕ್ಕೆ ಹಿಡಿದ ಗಮ್ಮು ಇನ್ನೊಂದಕ್ಕೆ ಹಿಡಿಯಲ್ಲ.

ಇನ್ನೊಂದು ವಿಷಯ, ಜೋಡಿಸಿದ ಜಾಗದ ಮೇಲೆ ಬಲ ಯಾವ ಕಡೆಯಿಂದ ಬೀಳುತ್ತದೆ ಅನ್ನೋದು. ಎರಡು ಪಟ್ಟಿಯನ್ನು ಒಂದರ ಮೇಲೊಂದು ಅಂಟಿಸಿ ಉದ್ದಕ್ಕೆ ಎಳೆದರೆ ಅಂಟಿನ ಇಡೀ ಜಾಗ ಆ ಭಾರ ಹೊರುತ್ತದೆ. ಅದೇ ಪಟ್ಟಿಯ ತುದಿ ಹಿಡಿದು, ಲಕೋಟೆ ಬಿಡಿಸಿದ ಹಾಗೆ ಸುಲಿದರೆ, ಎಲ್ಲಾ ಬಲ ಒಂದು ಸಣ್ಣ ಗೆರೆಯ ಮೇಲೆ ಬೀಳುತ್ತದೆ. ಎಂಥಾ ಗಮ್ಮಾದರೂ ಅಲ್ಲಿ ಸೋಲುತ್ತದೆ. ಶೂ ತುದಿ ಬಾಯಿ ಬಿಡೋದು ಇದೇ ಕಾರಣಕ್ಕೆ. ಹಾಗಾಗಿ ನಾನು ಮೊದಲು ಕೇಳೋ ಪ್ರಶ್ನೆ "ಯಾವ ಗಮ್?" ಅಂತ ಅಲ್ಲ. ಇದು ಯಾವ ರಬ್ಬರ್, ಎಲ್ಲಿ ಮಡಚುತ್ತೆ, ಏನು ತಾಗುತ್ತೆ? ನೀರಾ, ಬಿಸಿಯಾ, ಎಣ್ಣೆಯಾ?

ನಿಮ್ಮ ಮೂರು ಸಾಮಾನಿನಲ್ಲಿ ಶೂ ಒಂದೇ ನಿಜವಾಗಿ ಅಂಟಿಸುವ ಕೆಲಸ. ಉಳಿದೆರಡರ ಬಗ್ಗೆ ಬೇರೆಯವರೂ ಹೇಳಲಿ.

ಕೈಕೆಲಸ:
ಧನ್ಯವಾದ ಸರ್. ಆದರೆ ಯಾವ ರಬ್ಬರ್ ಅಂತ ಮನೆಯಲ್ಲಿ ಕಂಡುಹಿಡಿಯೋದು ಹೇಗೆ?

ಅವಸರದವ:
ಒಂದು ಚೂರು ಕತ್ತರಿಸಿ ಸುಟ್ಟು ನೋಡಿ. ಬಿಳಿ ಬೂದಿ ಬಂದರೆ ಸಿಲಿಕೋನ್. ಕಪ್ಪು ಹೊಗೆ, ಮಸಿ ಬಂದರೆ ಬೇರೆ.

ಪಾಲಿಮರ್ ಲ್ಯಾಬ್:
ಬಿಳಿ ಬೂದಿಯ ಮಾತು ಸರಿ, ಆದರೆ ಮನೆಯಲ್ಲಿ ಸುಡಬೇಡಿ. ನಿಯೋಪ್ರೀನ್ ಅನ್ನೋ ರಬ್ಬರ್, ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಕಣ್ಣು, ಗಂಟಲು ಉರಿಯುತ್ತದೆ. ಕೆಲವು ವಾಚ್ ಪಟ್ಟಿಗಳು ಸಿಲಿಕೋನ್ ಅಲ್ಲ, ಫ್ಲೋರೋರಬ್ಬರ್. ಅದರ ಹೊಗೆ ಇನ್ನೂ ಕೆಟ್ಟದ್ದು. ಗೊತ್ತಿಲ್ಲದ ವಸ್ತುವನ್ನು ಗುರುತಿಸೋಕೆ ಅಂತಲೇ ಸುಡುವುದರಿಂದ, ಹೊಗೆಯಲ್ಲಿ ಏನು ಬರುತ್ತದೆ ಅಂತ ಮೊದಲೇ ಗೊತ್ತಿರಲ್ಲ ಅಲ್ವಾ?

ಸುಡದೆ ನೋಡುವ ದಾರಿಗಳಿವೆ. ಮೊದಲು ಸಾಮಾನಿನ ಒಳಬದಿ ನೋಡಿ, ಅಚ್ಚಿನಲ್ಲೇ ಅಕ್ಷರ ಒತ್ತಿರುತ್ತಾರೆ. ಎನ್‌ಬಿಆರ್ ಅಂದರೆ ನೈಟ್ರೈಲ್, ಸಿಆರ್ ಅಂದರೆ ನಿಯೋಪ್ರೀನ್, ವಿಎಂಕ್ಯೂ ಅಂದರೆ ಸಿಲಿಕೋನ್. ಇಪಿಡಿಎಂ ಹಾಗೇ ಬರೆದಿರುತ್ತದೆ. ಅಕ್ಷರ ಇಲ್ಲದಿದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ಇಂಜಿನ್ ಆಯಿಲ್ ಹಾಕಿ ಒಂದು ದಿನ ಬಿಡಿ. ಇಪಿಡಿಎಂ, ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತವೆ. ನೈಟ್ರೈಲ್ ಹಾಗೇ ಇರುತ್ತದೆ. ಸಿಲಿಕೋನಿನ ಮೇಲೆ ಮಾರ್ಕರ್ ಪೆನ್ನಿನ ಶಾಯಿ ಸರಿಯಾಗಿ ಕೂರಲ್ಲ, ಬೆರಳಲ್ಲಿ ಉಜ್ಜಿದರೆ ಹೋಗುತ್ತದೆ. ಇವೆಲ್ಲಾ ಅಂದಾಜಿಗೆ. ಆದರೂ ಗಮ್ ಆರಿಸೋಕೆ ಇಷ್ಟು ಸಾಕಾಗುತ್ತದೆ.

ಈಗ ಸಿಲಿಕೋನಿಗೆ ಏಕೆ ಏನೂ ಹಿಡಿಯಲ್ಲ ಅಂತ ಹೇಳ್ತೀನಿ. ಗಮ್ ಅಂಟಬೇಕಾದರೆ ಮೊದಲು ಅದು ಮೇಲ್ಮೈ ಮೇಲೆ ಹರಡಬೇಕು. ಮೇಲ್ಮೈಗೆ ಸೆಳೆಯುವ ಶಕ್ತಿ ಅಂತ ಒಂದಿರುತ್ತದೆ. ನೀರಿನದ್ದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಸಿಲಿಕೋನ್ ರಬ್ಬರಿನದ್ದು 20ರಿಂದ 24ರ ಆಸುಪಾಸು. ಅಷ್ಟು ಕಡಿಮೆ ಇರುವ ಮೇಲ್ಮೈ ಮೇಲೆ ಗಮ್ ಹರಡದೆ ಹನಿಗಟ್ಟುತ್ತದೆ. ಒಣಗಿದ ಮೇಲೆ ಪೊರೆಯ ಹಾಗೆ ಕಳಚಿಕೊಳ್ಳುತ್ತದೆ. ಕೈಕೆಲಸ ಅವರ ಪಟ್ಟಿಯಲ್ಲಿ ಆದದ್ದು ಅದೇ.

ಸಾಮಾನ್ಯವಾಗಿ ಸಿಲಿಕೋನಿಗೆ ಹಿಡಿಯೋದು ಸಿಲಿಕೋನ್ ಮಾತ್ರ. ಟ್ಯೂಬಿನಲ್ಲಿ ಬರುವ ಸಿಲಿಕೋನ್ ಅಂಟು ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ, 24 ಗಂಟೆಗೆ 2-3 ಮಿಲಿಮೀಟರ್ ಆಳದವರೆಗೆ. ಬೇಗ ಆಗಲಿ ಅಂತ ದಪ್ಪಗೆ ಮೆತ್ತಿದರೆ ಒಳಗೆ ಹಸಿಯೇ ಉಳಿಯುತ್ತದೆ. ವಿನೆಗರ್ ವಾಸನೆ ಬರುವ ಬಗೆಯಿಂದ ಅಸಿಟಿಕ್ ಆಮ್ಲ ಹೊರಬರುತ್ತದೆ. ತಾಮ್ರ, ಸರ್ಕ್ಯೂಟ್ ಬೋರ್ಡ್ ಹತ್ತಿರ ಅದನ್ನು ಬಳಸಬೇಡಿ, ತುಕ್ಕು ಹಿಡಿಸುತ್ತದೆ. ಅಲ್ಲಿಗೆ ನ್ಯೂಟ್ರಲ್ ಬಗೆ ತಗೊಳ್ಳಿ.

ಆದರೆ ವಾಚ್ ಪಟ್ಟಿ ಬಕಲ್ ಹತ್ತಿರ ಹರಿದಿದೆ ಅಂದರೆ ಅಲ್ಲಿ ದಿನವಿಡೀ ಎಳೆತ ಇರುತ್ತದೆ. ತೆಳು ಪಟ್ಟಿಯ ಎರಡು ತುದಿ ಮುಖಾಮುಖಿ ಅಂಟಿಸಿದರೆ ಆ ಎಳೆತಕ್ಕೆ ನಿಲ್ಲಲ್ಲ. ಹೊಸ ಪಟ್ಟಿ ಹಾಕಿಸಿಕೊಳ್ಳಿ. ವಾಚ್ ಕಳಚಿ ಬಿದ್ದು ಒಡೆದರೆ ಪಟ್ಟಿಯ ಖರ್ಚಿಗಿಂತ ಜಾಸ್ತಿ ನಷ್ಟ.

ಹಳೆ ಫಿಟ್ಟರ್:
ಸಿಲಿಕೋನ್ ಬಗ್ಗೆ ಒಂದು ಮಾತು ಸೇರಿಸ್ತೀನಿ. ಬೇರೆ ರಬ್ಬರಿನ ಬಿರುಕಿಗೆ "ಇರಲಿ" ಅಂತ ಸಿಲಿಕೋನ್ ಮೆತ್ತುವವರು ಬಹಳ ಜನ. ಒಂದು ಸಲ ಸಿಲಿಕೋನ್ ತಾಗಿದ ಜಾಗಕ್ಕೆ ಆಮೇಲೆ ಬೇರೆ ಯಾವ ಗಮ್ಮೂ ಹಿಡಿಯಲ್ಲ. ಕೆರೆದು ತೆಗೆದರೂ ಎಣ್ಣೆಯಂಥ ತೆಳು ಪದರ ಉಳಿದಿರುತ್ತದೆ. ಸರಿಯಾದ ಗಮ್ ಯಾವುದು ಅಂತ ಗೊತ್ತಾಗುವವರೆಗೆ ಸಿಲಿಕೋನ್ ಹತ್ತಿರ ತರಬೇಡಿ.

ಬೂಟು ರಿಪೇರಿ:
ಶೂ ಬಗ್ಗೆ ನಾನು ಹೇಳ್ತೀನಿ, ದಿನಾ ಮಾಡುವ ಕೆಲಸ ಇದು.

ಬಾಯಿ ಬಿಟ್ಟ ಸೋಲನ್ನು ಕೈಯಲ್ಲಿ ಇನ್ನೂ ಸ್ವಲ್ಪ ಬಿಡಿಸಿ ಒಳಗೆ ನೋಡಿ. ಹಳೆಯ ಗಮ್ಮಿನ ಪದರ ಯಾವ ಕಡೆ ಉಳಿದಿದೆ? ಎಲ್ಲಾ ಗಮ್ಮು ಮೇಲಿನ ಭಾಗಕ್ಕೇ ಅಂಟಿದ್ದು ಸೋಲ್ ನುಣ್ಣಗೆ ಹೊಳೆಯುತ್ತಿದ್ದರೆ, ಸೋಲಿಗೆ ಗಮ್ ಹಿಡಿದೇ ಇಲ್ಲ ಅಂತ ಅರ್ಥ. ಕೆಲಸ ಅಲ್ಲಿ ಬೇಕು. ಎರಡೂ ಕಡೆ ಗಮ್ ಉಳಿದು ನಡುವೆ ಹರಿದಿದ್ದರೆ ಗಮ್ಮಿಗೇ ವಯಸ್ಸಾಗಿದೆ. ಸೋಲಿನ ಮೆತ್ತನೆಯ ಫೋಮ್ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿದೆ ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಪಾಲಿಯುರೆಥೇನ್ ಫೋಮ್ ವರ್ಷಗಟ್ಟಲೆ ತೇವ ಕುಡಿದು ತಾನಾಗಿಯೇ ಮುರಿಯುತ್ತದೆ, ಪೆಟ್ಟಿಗೆಯಲ್ಲಿ ಸುಮ್ನೆ ಇಟ್ಟಿದ್ದರೂ ಸರಿ. ಪುಡಿಗೆ ಗಮ್ ಹಾಕಿದರೆ ಮೇಲಿನ ಪುಡಿ ಗಮ್ಮಿಗೆ ಅಂಟುತ್ತದೆ, ಸೋಲ್ ಅಂಟಲ್ಲ.

ಗಟ್ಟಿ ಇದ್ದರೆ ಹಳೆಯ ಗಮ್ಮನ್ನು ಪೂರ್ತಿ ಕೆರೆದು ತೆಗೆಯಿರಿ. ಇಲ್ಲಿ ಅರ್ಧ ಗಂಟೆ ಹೋದರೂ ಹೋಗಲಿ. ಆಮೇಲೆ ಒರಟು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಹೊಳಪು ಹೋಗಿ ಮಂಕಾಗಬೇಕು, ನೂಲು ಎದ್ದ ಹಾಗೆ ಕಾಣಬೇಕು. ಪುಡಿ ಒರೆಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಟ್ಟೆ ಒದ್ದೆ ಮಾಡಿ ಒಂದೇ ದಿಕ್ಕಿಗೆ ಒರೆಸಿ. ಬಟ್ಟೆ ಕಪ್ಪಾದರೆ ಬೇರೆ ಬಟ್ಟೆ ತಗೊಳ್ಳಿ, ಅದೇ ಕೊಳೆಯನ್ನು ಮತ್ತೆ ಬಳಿಯಬೇಡಿ. ಪೂರ್ತಿ ಒಣಗಲಿ.

ಈಗ ಕಾಂಟ್ಯಾಕ್ಟ್ ಗಮ್. ಎರಡೂ ಕಡೆ ತೆಳ್ಳಗೆ ಹಚ್ಚಿ. ಎರಡೂ ಕಡೆ! ಒಂದೇ ಕಡೆ ಹಚ್ಚಿ ಒತ್ತುವವರೇ ಜಾಸ್ತಿ. ಬಟ್ಟೆ, ಚರ್ಮ ಇರುವ ಕಡೆ ಮೊದಲ ಕೋಟು ಒಳಗೆ ಇಳಿದುಹೋಗುತ್ತದೆ, ಅದು ಒಣಗಿದ ಮೇಲೆ ಇನ್ನೊಂದು ಕೋಟು ಹಾಕಿ. ಆಮೇಲೆ ಕಾಯಿರಿ. 10ರಿಂದ 20 ನಿಮಿಷ ಆಗಬಹುದು. ಬೆರಳಿನ ಹಿಂಭಾಗ ಮುಟ್ಟಿಸಿದರೆ ಜಿಗುಟು ಅನಿಸಬೇಕು, ಆದರೆ ಬೆರಳಿಗೆ ಗಮ್ ಬರಬಾರದು. ಆ ಹೊತ್ತಿಗೆ ಜೋಡಿಸಬೇಕು. ಹಸಿ ಇರುವಾಗಲೇ ಮುಚ್ಚಿದರೆ ಒಳಗಿನ ಥಿನ್ನರ್ ಹೊರಗೆ ಹೋಗೋಕೆ ದಾರಿ ಇಲ್ಲದೆ ಗಮ್ಮು ದಿನಗಟ್ಟಲೆ ಮೆತ್ತಗೇ ಇರುತ್ತದೆ. ತಡವಾಗಿ ಪೂರ್ತಿ ಒಣಗಿಹೋದರೆ ಹೇರ್ ಡ್ರೈಯರಿನಲ್ಲಿ ಬಿಸಿ ತೋರಿಸಿ, ಮತ್ತೆ ಜೀವ ಬರುತ್ತದೆ.

ತುದಿಯಿಂದ ಹಿಮ್ಮಡಿ ಕಡೆಗೆ ಒಂದೇ ಸಲ ಸರಿಯಾಗಿ ಕೂರಿಸಿ. ಮುಟ್ಟಿದ ಮೇಲೆ ಸರಿಸೋಕೆ ಆಗಲ್ಲ. ಈ ಗಮ್ಮಿಗೆ ಹೊತ್ತಿಗಿಂತ ಒತ್ತಡ ಮುಖ್ಯ. ಸುಮ್ನೆ ರಾತ್ರಿಯಿಡೀ ಪುಸ್ತಕ ಹೇರುವ ಬದಲು, ಶೂ ಒಳಗೆ ಗಟ್ಟಿ ಆಧಾರ ಕೊಟ್ಟು ರಬ್ಬರ್ ಸುತ್ತಿಗೆಯಲ್ಲಿ ಅಂಚಿನ ಸುತ್ತ ಬಡಿಯಿರಿ. 24 ಗಂಟೆ ಹಾಕಿಕೊಳ್ಳಬೇಡಿ.

ತುದಿಗೆ ನಾನು ಒಂದೆರಡು ಹೊಲಿಗೆ ಹಾಕ್ತೀನಿ. ಫಿಟ್ಟರ್ ಸರ್ ಹೇಳಿದ ಸುಲಿಯುವ ಬಲ ಶುರುವಾಗೋದೇ ಅಲ್ಲಿ. ಹೊಲಿಗೆ ಅದನ್ನು ತಡೆದರೆ ಉಳಿದದ್ದನ್ನು ಗಮ್ ನೋಡಿಕೊಳ್ಳುತ್ತದೆ.

ಪಾಲಿಮರ್ ಲ್ಯಾಬ್:
ಬಹಳ ಚೆನ್ನಾಗಿ ಹೇಳಿದಿರಿ. ಉಜ್ಜುವುದು ಏಕೆ ಬೇಕು ಅನ್ನೋದಕ್ಕೆ ಕಾರಣ ಸೇರಿಸ್ತೀನಿ. ರಬ್ಬರನ್ನು ಅಚ್ಚಿನಿಂದ ಬಿಡಿಸೋಕೆ ಜಾರುವ ರಾಸಾಯನಿಕ ಹಚ್ಚಿರುತ್ತಾರೆ. ಓಝೋನಿನಿಂದ ಬಿರುಕು ಬರದಿರಲಿ ಅಂತ ರಬ್ಬರಿನ ಒಳಗೇ ಮೇಣ ಸೇರಿಸಿರುತ್ತಾರೆ. ಅದು ನಿಧಾನವಾಗಿ ಮೇಲಕ್ಕೆ ಬಂದು ಕೂರುತ್ತದೆ. ಹಳೆಯ ರಬ್ಬರಿನ ಮೇಲೆ ಕಾಣುವ ಬೂದುಬಣ್ಣದ ಮಂಕು ಎಷ್ಟೋ ಸಲ ಅದೇ. ಅದರ ಮೇಲೆ ಗಮ್ ಹಚ್ಚಿದರೆ ನೀವು ಮೇಣಕ್ಕೆ ಅಂಟಿಸಿದ ಹಾಗೆ. ಉಜ್ಜಿದ ಮೇಲೆ ತಡ ಮಾಡದೆ, ಅದೇ ದಿನ ಗಮ್ ಹಚ್ಚಿ.

ಪಿವಿಸಿ ಸೋಲು, ಪಿವಿಸಿ ಗಾಳಿ ದೋಣಿ, ರೇನ್‌ಕೋಟು ಇವಕ್ಕೆ ಈ ಕಾಂಟ್ಯಾಕ್ಟ್ ಗಮ್, ಅಂದರೆ ನಿಯೋಪ್ರೀನ್ ಗಮ್, ಬೇಡ. ಪಿವಿಸಿಯನ್ನು ಮೆತ್ತಗೆ ಇಡುವ ಎಣ್ಣೆಯಂಥ ಅಂಶ ನಿಧಾನಕ್ಕೆ ಗಮ್ಮಿಗೆ ಇಳಿಯುತ್ತದೆ. ಕೆಲ ತಿಂಗಳಲ್ಲಿ ಗಮ್ ಲೋಳೆಯಾಗಿ ಬಿಟ್ಟುಕೊಳ್ಳುತ್ತದೆ. ಅಲ್ಲಿಗೆ ಪಾಲಿಯುರೆಥೇನ್ ಗಮ್ ಸರಿ.

ಸೈಕಲ್ ಸವಾರಿ:
ನಡುವೆ ಬಾಯಿ ಹಾಕ್ತೀನಿ. ಟ್ಯೂಬಿಗೆ ಪ್ಯಾಚ್ ಹಾಕೋದೂ ಇದೇ ಲೆಕ್ಕಾನಾ? ನನ್ನ ಗೆಳೆಯ ಸೂಪರ್ ಗ್ಲೂನಲ್ಲಿ ಪ್ಯಾಚ್ ಅಂಟಿಸಿದ. ಗಾಳಿ ತುಂಬುತ್ತಿದ್ದ ಹಾಗೆ ಅಂಚು ಎದ್ದಿತು.

ಪಾಲಿಮರ್ ಲ್ಯಾಬ್:
ಎದ್ದೇ ಏಳುತ್ತದೆ. ಸೂಪರ್ ಗ್ಲೂ, ಅಂದರೆ ಸಯನೋಅಕ್ರಿಲೇಟ್, ಒಣಗಿದ ಮೇಲೆ ಗಡುಸು. ಟ್ಯೂಬ್ ಹಿಗ್ಗುತ್ತದೆ, ಅದು ಹಿಗ್ಗಲ್ಲ.

ಪಂಕ್ಚರ್ ಸೊಲ್ಯೂಷನ್ ಕೆಲಸ ಬೇರೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡಿದರೆ ಅದು ಗಟ್ಟಿಮುಟ್ಟಾಗುತ್ತದೆ ಅಂತ ಕಂಡುಕೊಂಡ. ರಬ್ಬರಿನ ಉದ್ದುದ್ದ ಎಳೆಗಳ ನಡುವೆ ಗಂಧಕ ಸೇತುವೆ ಕಟ್ಟುತ್ತದೆ. ಅದಕ್ಕೆ ಮೊದಲು, 1823ರಲ್ಲೇ ಚಾರ್ಲ್ಸ್ ಮ್ಯಾಕಿಂಟಾಷ್ ರಬ್ಬರನ್ನು ನಾಫ್ತಾ ಅನ್ನೋ ಥಿನ್ನರಿನಲ್ಲಿ ಕರಗಿಸಿ ಎರಡು ಬಟ್ಟೆಯ ನಡುವೆ ಹಚ್ಚಿ ನೀರು ಇಳಿಯದ ಬಟ್ಟೆ ಮಾಡಿದ್ದ. ಆದರೆ ಆ ರಬ್ಬರ್ ಬಿಸಿಲಿಗೆ ಜಿಗುಟಾಗುತ್ತಿತ್ತು, ಚಳಿಗೆ ಸೆಟೆಯುತ್ತಿತ್ತು. ನಿಮ್ಮ ಪ್ಯಾಚ್ ಕಿಟ್ಟಿನಲ್ಲಿ ಇವೆರಡೂ ಸೇರಿವೆ. ಕರಗಿಸಿದ ರಬ್ಬರ್ ಒಂದು ಕಡೆ, ಬಿಸಿ ಇಲ್ಲದೆಯೂ ಆ ಸೇತುವೆ ಕಟ್ಟಿಸುವ ರಾಸಾಯನಿಕ ಇನ್ನೊಂದು ಕಡೆ. ಪ್ಯಾಚಿನ ಕೆಳಗಿನ ಬಣ್ಣದ ಪದರ ಇನ್ನೂ ಪೂರ್ತಿ ಬೇಯದ ರಬ್ಬರ್. ಅದು ಸೊಲ್ಯೂಷನ್ ಜೊತೆ ಸೇರಿ ಟ್ಯೂಬಿನ ಭಾಗವೇ ಆಗಿಬಿಡುತ್ತದೆ, ಟ್ಯೂಬ್ ಹಿಗ್ಗಿದರೆ ಅದೂ ಹಿಗ್ಗುತ್ತದೆ.

ಹಳೆ ಫಿಟ್ಟರ್:
ಪ್ಯಾಚ್ ಹಾಕುವಾಗ ಟ್ಯೂಬಿನ ಮೇಲೆ ಅಚ್ಚಿನ ಉಬ್ಬು ಗೆರೆ ಇರುತ್ತದೆ ನೋಡಿ, ತೂತು ಅದರ ಹತ್ತಿರ ಇದ್ದರೆ ಗೆರೆಯನ್ನು ಉಜ್ಜಿ ಸಮ ಮಾಡಲೇಬೇಕು. ಇಲ್ಲದಿದ್ದರೆ ಗೆರೆಯ ಪಕ್ಕದ ಸಣ್ಣ ಸಂದಿಯಲ್ಲೇ ಗಾಳಿ ಹೋಗುತ್ತದೆ. ಪ್ಯಾಚಿಗಿಂತ ಸ್ವಲ್ಪ ದೊಡ್ಡ ಜಾಗಕ್ಕೆ ಸೊಲ್ಯೂಷನ್ ತೆಳ್ಳಗೆ ಹಚ್ಚಿ. ಹೊಳಪು ಹೋಗುವವರೆಗೆ, ಸುಮಾರು 5 ನಿಮಿಷ, ಬಿಡಿ. ಪ್ಯಾಚಿನ ಅಂಟುವ ಬದಿಯನ್ನು ಬೆರಳಲ್ಲಿ ಮುಟ್ಟಬೇಡಿ. ನಡುವಿನಿಂದ ಅಂಚಿಗೆ ಒತ್ತುತ್ತಾ ಬನ್ನಿ. ಮೇಲಿನ ತೆಳು ಪ್ಲಾಸ್ಟಿಕ್ ಕೀಳುವಾಗ ಪ್ಯಾಚಿನ ಅಂಚು ಎದ್ದು ಬರುವುದಾದರೆ ಪ್ಲಾಸ್ಟಿಕ್ ಹಾಗೇ ಇರಲಿ, ತೊಂದರೆ ಇಲ್ಲ.

ಈಗ ತೆಳ್ಳಗೆ ಪಾರದರ್ಶಕವಾಗಿರುವ, ಟಿಪಿಯು ಅನ್ನೋ ಬಾಗುವ ಪ್ಲಾಸ್ಟಿಕ್ಕಿನ ಟ್ಯೂಬುಗಳು ಬಂದಿವೆ. ಅವಕ್ಕೆ ಈ ಸೊಲ್ಯೂಷನ್ ಹಿಡಿಯಲ್ಲ, ಅವುಗಳದ್ದೇ ಪ್ಯಾಚ್ ಬೇಕು.

ಟಯರಿನ ಪಕ್ಕದ ಗೋಡೆ ಸೀಳಿದ್ದರೆ ಮಾತ್ರ ಯಾವ ಗಮ್ಮೂ, ಪ್ಯಾಚೂ ಬೇಡ. ಕಾರು, ಬೈಕು ಯಾವುದಾದರೂ ಸರಿ. ಆ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ.

ನೀರಿನ ಪಂಪ್:
ಹಾಗಾದರೆ ಸೂಪರ್ ಗ್ಲೂ ರಬ್ಬರಿಗೆ ಬೇಡವೇ ಬೇಡ ಅಂತೀರಾ? ನಾವು ಓ-ರಿಂಗ್ ಮಾಡುವ ರಬ್ಬರ್ ಹಗ್ಗ ತಂದು ಬೇಕಾದ ಅಳತೆಗೆ ಕತ್ತರಿಸಿ ಅದರಲ್ಲೇ ಜೋಡಿಸ್ತೀವಿ. ಪಂಪಿನ ಮುಚ್ಚಳದಲ್ಲಿ ಚೆನ್ನಾಗಿ ನಿಂತಿದೆ.

ಹಳೆ ಫಿಟ್ಟರ್:
ಬೇಡ ಅಂತ ಅಲ್ಲ, ಅದಕ್ಕೆ ಅದರದ್ದೇ ಜಾಗ ಇದೆ. ನಿಮ್ಮ ಓ-ರಿಂಗು ಮುಚ್ಚಳದ ತೋಡಿನಲ್ಲಿ ಕೂತ ಮೇಲೆ ಸುತ್ತಲೂ ಒತ್ತಡದಲ್ಲಿರುತ್ತದೆ. ಎಳೆತ ಇಲ್ಲ, ಮಡಚೋದಿಲ್ಲ. ಅಂಥ ಕಡೆ ಸೂಪರ್ ಗ್ಲೂ ಬಹಳ ಒಳ್ಳೆಯದು. ನೈಟ್ರೈಲ್, ನಿಯೋಪ್ರೀನಿಗೆ ಕ್ಷಣದಲ್ಲಿ ಹಿಡಿಯುತ್ತದೆ, ಇಪಿಡಿಎಂಗೂ ಹಿಡಿಯುತ್ತದೆ.

ಹೊಸ ಬ್ಲೇಡಿನಲ್ಲಿ ಒಂದೇ ಸಲಕ್ಕೆ ನೇರವಾಗಿ ಕತ್ತರಿಸಬೇಕು. ಕತ್ತರಿ ಬೇಡ, ಅದು ರಬ್ಬರನ್ನು ಒತ್ತಿ ಓರೆ ಮಾಡುತ್ತದೆ. ಹೊಸದಾಗಿ ಕತ್ತರಿಸಿದ ಮುಖಕ್ಕೆ ಕೈ ತಾಗಿಸದೆ ತುಂಬಾ ಸಣ್ಣ ಹನಿ. ಒಂದು ಚದರ ಅಂಗುಲಕ್ಕೆ ಒಂದು ಹನಿ ಅನ್ನೋದು ಹಳೆಯ ಲೆಕ್ಕ, ಓ-ರಿಂಗಿನ ತುದಿಗೆ ಅದರಲ್ಲೂ ಸ್ವಲ್ಪ ಸಾಕು. ಜಾಸ್ತಿ ಹಾಕಿದರೆ ಒಣಗೋದು ನಿಧಾನ, ಜೋಡಣೆಯಲ್ಲಿ ಗಟ್ಟಿ ಗಂಟು ಆಗುತ್ತದೆ. ಆ ಗಂಟಿನ ಪಕ್ಕದಲ್ಲೇ ನೀರು ಸೋರುತ್ತದೆ. ಬಿಸಿನೀರು, ತಿರುಗುವ ಶಾಫ್ಟು, ಜಾಸ್ತಿ ಒತ್ತಡ ಇದ್ದರೆ ಅಚ್ಚಿನಲ್ಲಿ ಮಾಡಿದ ಪೂರ್ಣ ಓ-ರಿಂಗೇ ಹಾಕಿ.

ಕೈಕೆಲಸ:
ಇಪಿಡಿಎಂಗೆ ಸೂಪರ್ ಗ್ಲೂ ಹಿಡಿಯುತ್ತೆ ಅಂದಿರಿ. ನನ್ನ ವಾಷಿಂಗ್ ಮೆಷಿನ್ನಿಗೂ ಅದೇ ಸಾಕಾ?

ಮೆಷಿನ್ ರಿಪೇರಿ:
ಮೇಡಂ/ಸರ್, ಆ ರಬ್ಬರಿನ ಕೆಲಸ ನೋಡಿ. ಡ್ರಮ್ ತಿರುಗುವಾಗ ಅತ್ತಿತ್ತ ಅಲುಗಾಡುತ್ತದೆ, ಮಡಿಕೆ ಪ್ರತಿ ಸಲ ಮಡಚಿ ಬಿಚ್ಚುತ್ತದೆ. ಬಿಸಿನೀರು, ಸೋಪು ಸದಾ ಅಲ್ಲೇ ನಿಂತಿರುತ್ತದೆ. ಸಾಮಾನ್ಯ ಸೂಪರ್ ಗ್ಲೂಗೆ ಬಿಸಿನೀರೂ ಆಗಲ್ಲ, ಮಡಚೋದೂ ಆಗಲ್ಲ. ಕೆಳಗಿನ ಮಡಿಕೆಯ ಸೀಳಿಗೆ ನಾನು ಗಮ್ ಹಾಕಲ್ಲ, ರಬ್ಬರ್ ಬದಲಾಯಿಸ್ತೀನಿ. ಮಾಡೆಲ್ ನಂಬರ್ ಹೇಳಿ ಅದೇ ಅಳತೆಯದ್ದು ತರಿಸಿ.

ಹೊಸದು ಬರುವವರೆಗೆ ನಡೆಸಲೇಬೇಕು ಅಂದರೆ ಹೀಗೆ ಮಾಡಿ. ಮೆಷಿನ್ ಪ್ಲಗ್ ಕಿತ್ತು, ಮಡಿಕೆ ಒಣಗಿಸಿ, ಸೋಪಿನ ಜಿಡ್ಡು ಪೂರ್ತಿ ತೆಗೆದು, ಉಜ್ಜಿ. ರಬ್ಬರ್ ಬೆರೆಸಿ ಬಾಗುವಂತೆ ಮಾಡಿದ ಸೂಪರ್ ಗ್ಲೂ ಬಗೆ ಸಿಗುತ್ತದೆ, ಅದರಲ್ಲಿ ಸೀಳಿನ ಎರಡು ಅಂಚು ಕೂಡಿಸಿ. ತಣ್ಣೀರಿನಲ್ಲಿ, ಸಣ್ಣ ಲೋಡಿನಲ್ಲಿ ಮಾತ್ರ ಓಡಿಸಿ, ಪಕ್ಕದಲ್ಲೇ ಇರಿ. ಸೋರಿದ ನೀರು ಕೆಳಗಿನ ವೈರಿಂಗಿಗೆ ಇಳಿದರೆ ಅಪಾಯ.

ಅವಸರದವ:
ಎಪಾಕ್ಸಿ ಹಾಕಬಹುದಲ್ವಾ? ಅದು ನೀರಿಗೆ ಬಗ್ಗಲ್ಲ.

ಹಳೆ ಫಿಟ್ಟರ್:
ನೀರಿಗೆ ಬಗ್ಗಲ್ಲ, ರಬ್ಬರಿನ ಜೊತೆಗೂ ಬಗ್ಗಲ್ಲ. ಸಾಮಾನ್ಯ ಎಪಾಕ್ಸಿ ಕಲ್ಲಾಗುತ್ತದೆ. ಮೆತ್ತಗಿನ ರಬ್ಬರ್ ಕಲ್ಲಿನ ಅಂಚಿನಿಂದ ಸುಲಿದು ಬರುತ್ತದೆ. ರಬ್ಬರಿಗೆ ಕಬ್ಬಿಣ ಅಂಟಿಸುವಾಗ, ಜಾಗ ಅಲುಗಾಡದೆ ಇದ್ದರೆ, ಬಾಗುವ ಬಗೆಯ ಎಪಾಕ್ಸಿ ನೋಡಬಹುದು.

ನೀರಿನ ಪಂಪ್:
ಕಬ್ಬಿಣದ ಮಾತು ಬಂದದ್ದು ಒಳ್ಳೆಯದಾಯಿತು. ಗಾಡಿಯ ಇಂಜಿನ್ ಮೌಂಟಿನಲ್ಲಿ, ಅಂದರೆ ಇಂಜಿನ್ ಕೂರುವ ಆಧಾರದಲ್ಲಿ, ರಬ್ಬರ್ ಲೋಹದಿಂದ ಬಿಟ್ಟಿದೆ. ಅಂಟಿಸಬಹುದಾ?

ಪಾಲಿಮರ್ ಲ್ಯಾಬ್:
ಬೇಡ. ಕಾರ್ಖಾನೆಯಲ್ಲಿ ಲೋಹಕ್ಕೆ ಪ್ರೈಮರ್ ಹಚ್ಚಿ, ಹಸಿ ರಬ್ಬರನ್ನು ಅದರ ಮೇಲೇ ಅಚ್ಚಿನಲ್ಲಿ ಬಿಸಿ ಮತ್ತು ಒತ್ತಡದಿಂದ ಬೇಯಿಸುತ್ತಾರೆ. ರಬ್ಬರ್ ಗಟ್ಟಿಯಾಗೋದೂ ಲೋಹಕ್ಕೆ ಕೂಡೋದೂ ಒಟ್ಟಿಗೇ ಆಗುತ್ತದೆ. ಟಯರಿನ ಉಕ್ಕಿನ ತಂತಿಗೆ ಹಿತ್ತಾಳೆಯ ಲೇಪ ಇರೋದೂ ಇದಕ್ಕೇ, ರಬ್ಬರಿನ ಗಂಧಕ ಹಿತ್ತಾಳೆಯ ತಾಮ್ರದ ಜೊತೆ ಸೇರಿ ಗಟ್ಟಿ ಹಿಡಿತ ಕೊಡುತ್ತದೆ. ಆ ಜೋಡಣೆ ಬಿಟ್ಟ ಮೇಲೆ ಡಬ್ಬಿ ಗಮ್ಮಿನಿಂದ ಅದನ್ನು ಮತ್ತೆ ತರೋಕೆ ಆಗಲ್ಲ. ಹೊಸ ಮೌಂಟ್ ಹಾಕಿಸಿ.

ಹಾಗೇ ಬ್ರೇಕ್ ಹೋಸ್, ಗ್ಯಾಸ್ ಪೈಪು, ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ಟು. ಇವನ್ನು ಯಾರೂ ಯಾವತ್ತೂ ಅಂಟಿಸಬಾರದು.

ಬೂಟು ರಿಪೇರಿ:
ಗಮ್ಮಿನ ವಾಸನೆ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೀತಿದ್ದೀನಿ. ಕಾಂಟ್ಯಾಕ್ಟ್ ಗಮ್ಮಿನಲ್ಲಿ ಟೊಲ್ಯೂನ್, ಹೆಕ್ಸೇನ್ ಥರದ ಥಿನ್ನರ್ ಇರುತ್ತವೆ. ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ಎನ್-ಹೆಕ್ಸೇನ್ ಉಸಿರಾಡಿದ ಚಪ್ಪಲಿ ಕೆಲಸಗಾರರಿಗೆ ಕೈಕಾಲು ಜೋಮು ಹಿಡಿದು, ನರ ದುರ್ಬಲವಾಗಿ ನಡೆಯೋಕೂ ಕಷ್ಟವಾದದ್ದು ವೈದ್ಯರಿಗೆ ಗೊತ್ತಿರುವ ವಿಷಯ. ನಮ್ಮ ಕಸುಬಿನವರ ಮೈಮೇಲೇ ಬಂದ ಕಾಯಿಲೆ ಇದು. ಮನೆಯಲ್ಲಿ ಒಂದು ಜೊತೆ ಅಂಟಿಸಿದರೂ ಬಯಲಲ್ಲಿ, ಇಲ್ಲಾ ಕಿಟಕಿ ಎಲ್ಲಾ ತೆಗೆದು ಕೂತು ಮಾಡಿ. ಹತ್ತಿರ ಬೆಂಕಿ, ಒಲೆ, ಸಿಗರೇಟು ಇರಬಾರದು. ಹೇರ್ ಡ್ರೈಯರ್ ಬಿಸಿ ತೋರಿಸೋದು ಥಿನ್ನರ್ ಪೂರ್ತಿ ಹಾರಿಹೋದ ಮೇಲೆ ಮಾತ್ರ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಸೂಪರ್ ಗ್ಲೂ ಕೆಲಸಕ್ಕೆ ಹತ್ತಿಯ ಕೈಗವಸು ಹಾಕಬೇಡಿ. ಹತ್ತಿಗೆ ಜಾಸ್ತಿ ಬಿದ್ದರೆ ತಕ್ಷಣ ಬಿಸಿಯಾಗಿ ಚರ್ಮ ಸುಡುತ್ತದೆ.

ಕೈಕೆಲಸ:
ಎಲ್ಲರಿಗೂ ತುಂಬಾ ಧನ್ಯವಾದ. ಮೆಷಿನ್ನಿನ ರಬ್ಬರ್ ತರಿಸೋಕೆ ಹೇಳಿದ್ದೀನಿ, ಒಳಬದಿಯಲ್ಲಿ ಇಪಿಡಿಎಂ ಅಂತ ಅಚ್ಚೊತ್ತಿತ್ತು. ಪಟ್ಟಿ ಹೊಸದು. ಶೂ ಬಿಡಿಸಿ ನೋಡಿದೆ. ಸೋಲಿನ ಕಡೆ ನುಣ್ಣಗೆ ಹೊಳೆಯುತ್ತಿತ್ತು, ಗಮ್ಮೆಲ್ಲಾ ಮೇಲಿನ ಭಾಗದಲ್ಲೇ ಉಳಿದಿತ್ತು. ಉಜ್ಜಿ, ಎರಡೂ ಕಡೆ ಹಚ್ಚಿ, ಕಾದು, ಬಡಿದು ಕೂರಿಸಿದೆ. ಮಳೆಯಲ್ಲೂ ಹಾಕಿಕೊಂಡು ಹೋಗ್ತಿದ್ದೀನಿ, ಬಿಟ್ಟಿಲ್ಲ. ತುದಿಗೆ ಹೊಲಿಗೆಯನ್ನು ಹೊರಗೆ ಅಂಗಡಿಯಲ್ಲಿ ಹಾಕಿಸಿದೆ.

ಒಂದೇ ಪ್ರಶ್ನೆ ಉಳಿದಿದೆ. ಡಬ್ಬಿಯಲ್ಲಿ ಮುಕ್ಕಾಲು ಭಾಗ ಗಮ್ ಇದೆ. ಹೇಗೆ ಇಡೋದು?

ಹಳೆ ಫಿಟ್ಟರ್:
ಡಬ್ಬಿಯ ಬಾಯಿಯ ಅಂಚು ಒರೆಸಿ ಮುಚ್ಚಳ ಬಿಗಿಯಾಗಿ ಹಾಕಿ, ತಂಪು ಜಾಗದಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ. ಅಂಚಿನಲ್ಲಿ ಗಮ್ ಉಳಿದರೆ ಮುಚ್ಚಳ ಸರಿಯಾಗಿ ಕೂರದೆ ಥಿನ್ನರ್ ಹಾರಿ ಗಮ್ ಗಟ್ಟಿಯಾಗುತ್ತದೆ. ಸೂಪರ್ ಗ್ಲೂ ಆದರೆ ಗಾಳಿ ಆಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಫ್ರಿಜ್ಜಿನಲ್ಲಿ ಇಡಬಹುದು. ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ, ಕೋಣೆಯ ಬಿಸಿಗೆ ಬರಲಿ. ಇಲ್ಲದಿದ್ದರೆ ಒಳಗೆ ತೇವ ಕೂತು ಗಟ್ಟಿಯಾಗುತ್ತದೆ. ಪಂಕ್ಚರ್ ಸೊಲ್ಯೂಷನ್ ಟ್ಯೂಬ್ ಒಮ್ಮೆ ತೂತು ಮಾಡಿದರೆ ಕೆಲ ತಿಂಗಳಲ್ಲೇ ಒಣಗುತ್ತದೆ. ಸೈಕಲ್ ಚೀಲದಲ್ಲಿ ಬಿಚ್ಚದ ಇನ್ನೊಂದು ಸಣ್ಣ ಟ್ಯೂಬ್ ಇಟ್ಟುಕೊಳ್ಳಿ.